ಹತ್ತು ದಿನ, ಆರು ಜನ: ಪವಿತ್ರ ನಾಡಿಗೆ ಮನೆಮಂದಿಯೆಲ್ಲ ಹೊರಡುವ ಮುನ್ನ

ಪ್ರಶ್ನೆ: ನಾವು ಒಟ್ಟು ಆರು ಜನ. ಎಪ್ಪತ್ತು ದಾಟಿದ ಅತ್ತೆ ಮತ್ತು ಮಾವ, ನಾವಿಬ್ಬರು, 12 ವರ್ಷದ ಮಗಳು, 6 ವರ್ಷದ ಮಗ. ಹೋಲಿಲ್ಯಾಂಡ್ ಯಾತ್ರೆಗೆ ಹೋಗಬೇಕೆಂಬುದು ಅತ್ತೆಯವರ ಬಹುದಿನದ ಆಸೆ. ಟ್ರಾವೆಲ್ಸ್‌ನವರು ಈಜಿಪ್ಟ್, ಇಸ್ರೇಲ್, ಜೋರ್ಡಾನ್ ಮೂರನ್ನೂ ಹತ್ತು ದಿನದಲ್ಲಿ ತೋರಿಸುತ್ತೇವೆ ಎನ್ನುತ್ತಿದ್ದಾರೆ. ಅತ್ತೆಗೆ ಮಂಡಿನೋವು. ಕ್ರಿಸ್‌ಮಸ್ ದಿನ ಬೇತ್ಲೆಹೇಮಿನಲ್ಲಿರಬೇಕು ಎನ್ನುತ್ತಾರೆ. ಮಗಳಿಗೆ ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಆಗಬೇಕಂತೆ. ಮಗುವಾಗಿದ್ದಾಗಲೇ ಅವಳಿಗೆ ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಆಗಿದೆ. ನಾವು ಪ್ರೊಟೆಸ್ಟಂಟರು, ಅತ್ತೆಯ ತವರಿನವರು ಕ್ಯಾಥೊಲಿಕರು. ಹೇಗೆ ಯೋಜಿಸಬೇಕು?

ಉತ್ತರ: ಮೊದಲು ಮೂರು ದೇಶದ ವಿಚಾರ ಕೈಬಿಡಿ. ನಿಮ್ಮ ಮನೆಯವರಿಗೆ ಅದು ಹೊಂದುವ ಪ್ರವಾಸವಲ್ಲ.

ಲೆಕ್ಕ ಹಾಕಿ ನೋಡಿ. ಕೈರೋದಿಂದ ಸೀನಾಯಿ ಬೆಟ್ಟದ ತಪ್ಪಲಿನ ಸಂತ ಕ್ಯಾಥರೀನ ಮಠಕ್ಕೆ ಮರುಭೂಮಿಯ ರಸ್ತೆಯಲ್ಲಿ ಏಳೆಂಟು ಗಂಟೆ. ಬೆಟ್ಟದ ಎತ್ತರ 2285 ಮೀಟರ್. ಸೂರ್ಯೋದಯ ನೋಡಬೇಕೆಂದರೆ ನಡುರಾತ್ರಿ ಎದ್ದು ಹೊರಡಬೇಕು. ಒಂಟೆ ಸಿಗುತ್ತದೆ, ಆದರೆ ಅದು ತುದಿಯವರೆಗೆ ಹೋಗುವುದಿಲ್ಲ. ಕೊನೆಯ ಏಳುನೂರೈವತ್ತರಷ್ಟು ಒರಟು ಕಲ್ಲುಮೆಟ್ಟಿಲನ್ನು ಕಾಲಿನಲ್ಲೇ ಹತ್ತಬೇಕು. ಅತ್ತೆಯವರು ಕೆಳಗೆ ಹೋಟೆಲಿನಲ್ಲಿ ಉಳಿಯುತ್ತಾರೆ, ಅವರ ಜೊತೆಗೆ ಇನ್ನೊಬ್ಬರು. ಅಲ್ಲಿಂದ ತಾಬಾ ಗಡಿ, ಕೊನೆಗೆ ಜೋರ್ಡಾನಿಗೆ ಮತ್ತೊಂದು ಗಡಿ. ವೃದ್ಧರು, ಮಕ್ಕಳು, ಆರು ಸೂಟ್‌ಕೇಸು ಇಟ್ಟುಕೊಂಡು ಒಂದೊಂದು ಗಡಿ ದಾಟುವುದಕ್ಕೂ ಅರ್ಧ ದಿನ ಹಿಡಿಯುತ್ತದೆ. ಹತ್ತರಲ್ಲಿ ವಿಮಾನಕ್ಕೆ ಎರಡು ದಿನ, ಗಡಿ ಮತ್ತು ದೂರದ ರಸ್ತೆಗೆ ಎರಡು ಮೂರು ದಿನ ಕಳೆಯಿರಿ. ಉಳಿದ ಐದು ದಿನದಲ್ಲಿ ಗಲಿಲಾಯಕ್ಕೆ ಒಂದು, ಜೆರುಸಲೇಮಿಗೆ ಒಂದೂವರೆ ಸಿಕ್ಕರೆ ಹೆಚ್ಚು. ಇಂಥ ಪ್ಯಾಕೇಜಿನ ಕಾರ್ಯಕ್ರಮಪಟ್ಟಿಯಲ್ಲಿ ದಿನಕ್ಕೆ ಏಳೆಂಟು ಸ್ಥಳದ ಹೆಸರಿರುತ್ತದೆ. ಅದರಲ್ಲಿ ಎಷ್ಟಕ್ಕೆ ಒಳಗೆ ಪ್ರವೇಶ, ಎಷ್ಟನ್ನು ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ ಎಂದು ಒಂದೊಂದನ್ನೂ ಕೇಳಿ ಬರೆಸಿಕೊಳ್ಳಿ, ಪಟ್ಟಿ ಅರ್ಧಕ್ಕಿಳಿಯುತ್ತದೆ.

ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಭಾಗದಲ್ಲೇ ಒಂಬತ್ತು ರಾತ್ರಿ ಇರಿ, ಎರಡೇ ಕಡೆ ತಂಗಿ: ಗಲಿಲಾಯದಲ್ಲಿ ನಾಲ್ಕು ರಾತ್ರಿ, ಜೆರುಸಲೇಮಿನಲ್ಲಿ ಐದು. ಜೋರ್ಡಾನಿನ ನೆಬೋ ಬೆಟ್ಟ, ಮದಾಬಾದ ಆರನೇ ಶತಮಾನದ ಮೊಸಾಯಿಕ್ ನಕ್ಷೆ, ಯೊರ್ದನ್ ಹೊಳೆಯ ಆಚೆ ದಡದ ದೀಕ್ಷಾಸ್ನಾನದ ಸ್ಥಳ ಅಲ್-ಮಗ್ತಸ್ ಎಲ್ಲವೂ ನೋಡತಕ್ಕವೇ. ಆದರೆ ಅದು ಬೇರೆಯದೇ ಯಾತ್ರೆಯಾಗಲಿ. ಭಾರತದ ಪಾಸ್‌ಪೋರ್ಟಿಗೆ ಇಸ್ರೇಲ್ ವೀಸಾವನ್ನು ಹೊರಡುವ ಮೊದಲೇ ಮಾಡಿಸಬೇಕು. ಬೇತ್ಲೆಹೇಮಿಗೆ, ಯೆರಿಕೋಗೆ ಪ್ರತ್ಯೇಕ ವೀಸಾ ಇಲ್ಲ, ಅದೇ ಸಾಕು. ನಡುವೆ ಒಂದೇ ದಿನಕ್ಕೆಂದು ಜೋರ್ಡಾನಿಗೆ ಹೋದರೂ ಹಿಂತಿರುಗಲು ಮತ್ತೆ ಪ್ರವೇಶಾನುಮತಿ ಬೇಕು. ಅಲೆನ್‌ಬಿ ಗಡಿ ಸೇತುವೆಯಲ್ಲಿ ಜೋರ್ಡಾನಿನವರು ಆಗಮನ ವೀಸಾ ಕೊಡುವುದೂ ಇಲ್ಲ. ಇದು ಗೊತ್ತಿಲ್ಲದೆ ಸೇತುವೆಯವರೆಗೆ ಹೋಗಿ ವಾಪಸಾಗುವವರು ಇದ್ದೇ ಇರುತ್ತಾರೆ.

ಇನ್ನು ಕ್ರಿಸ್‌ಮಸ್. ಅತ್ತೆಯವರ ಆಸೆ ಅರ್ಥವಾಗುತ್ತದೆ, ಆದರೂ ಬೇಡ ಎಂದೇ ಹೇಳುತ್ತೇನೆ. ಡಿಸೆಂಬರ್ 24ರ ನಡುರಾತ್ರಿಯ ಪೂಜೆ ನಡೆಯುವುದು ಯೇಸು ಹುಟ್ಟಿದ್ದೆನ್ನುವ ಜನನ ಗವಿಯಲ್ಲಲ್ಲ, ಪಕ್ಕದ ಸಂತ ಕ್ಯಾಥರೀನ ದೇವಾಲಯದಲ್ಲಿ. ಒಳಗೆ ಹೋಗಲು ಮೊದಲೇ ಪಡೆದ ಪಾಸ್ ಬೇಕು. ಅದು ಉಚಿತ, ಆದರೆ ಸಂಖ್ಯೆ ಕಡಿಮೆ. ಪಾಸಿಲ್ಲದವರು ಚೌಕದಲ್ಲಿ ಪರದೆಯ ಮುಂದೆ ಚಳಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಬೇತ್ಲೆಹೇಮ್ ಇರುವುದು 750 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಮಳೆಯೂ ಚಳಿಯೂ ಒಟ್ಟಿಗೇ ಇರುತ್ತವೆ. ಅತ್ತೆಗೆ ಒಂದು ಮಾತು ತಿಳಿಸಿ: ಬೇತ್ಲೆಹೇಮಿನಲ್ಲಿ ಕ್ರಿಸ್‌ಮಸ್ ಒಂದು ಸಲಕ್ಕೆ ಮುಗಿಯುವುದಿಲ್ಲ. ಆರ್ಥಡಾಕ್ಸರು ಜನವರಿ 7ಕ್ಕೆ, ಅಲ್ಲಿನ ಅರ್ಮೇನಿಯನ್ನರು ಜನವರಿ 19ಕ್ಕೆ ಆಚರಿಸುತ್ತಾರೆ. ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಹೋದರೂ ಗವಿಯಲ್ಲಿ ಯಾರಾದರೊಬ್ಬರು ತಮ್ಮ ಭಾಷೆಯಲ್ಲಿ ಕ್ರಿಸ್‌ಮಸ್ ಹಾಡು ಹಾಡುತ್ತಲೇ ಇರುತ್ತಾರೆ.

ಸೂಕ್ತ ಕಾಲವೆಂದರೆ ಅಕ್ಟೋಬರಿನ ಕೊನೆಯಿಂದ ನವೆಂಬರ್ ಮಧ್ಯದವರೆಗೆ, ಇಲ್ಲವೇ ಮಾರ್ಚ್. ಬೇಸಿಗೆಯಲ್ಲಿ ಯೆರಿಕೋ ಕಡೆ 40 ಡಿಗ್ರಿ ಮಾಮೂಲು. ಯಹೂದಿಯರ ಪಸ್ಕ ಹಬ್ಬ, ಈಸ್ಟರ್ ಒಟ್ಟಾಗುವ ವಾರಗಳನ್ನು ತಪ್ಪಿಸಿ. ಅದರಲ್ಲೂ ಆರ್ಥಡಾಕ್ಸ್ ಈಸ್ಟರಿನ ಹಿಂದಿನ ಶನಿವಾರ ‘ಪವಿತ್ರ ಅಗ್ನಿ’ಯ ದಿನ, ಹಳೇ ನಗರದೊಳಗೆ ಮಕ್ಕಳ ಕೈ ಹಿಡಿದು ನಡೆಯಲು ಆಗದಷ್ಟು ಜನ. ಸೆಪ್ಟೆಂಬರ್–ಅಕ್ಟೋಬರಿನ ಯಹೂದಿ ಹಬ್ಬಗಳನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಅವರ ಉಪವಾಸದ ದಿನವಾದ ಯೋಮ್ ಕಿಪ್ಪೂರ್‌ನಂದು ನೀವು ಇಳಿಯುವ ಬೆನ್ ಗುರಿಯನ್ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ.

ಈ ಯಾತ್ರೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ವಾರದ ಯಾವ ದಿನ ಎಲ್ಲಿರಬೇಕೆಂದು ನೋಡದಿರುವುದು ಒಂದು, ಮಧ್ಯಾಹ್ನದ ಬೀಗ ಇನ್ನೊಂದು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸಂಜೆಯವರೆಗೆ ಯಹೂದಿಯರ ವಿಶ್ರಾಂತಿ ದಿನ ಸಬ್ಬತ್; ಯಹೂದಿ ಪ್ರದೇಶಗಳಲ್ಲಿ ಬಸ್ಸು, ರೈಲು, ಅಂಗಡಿ ನಿಲ್ಲುತ್ತವೆ. ನಜರೇತಿನಂಥ ಅರಬ್ ಊರುಗಳಲ್ಲಿ ಶನಿವಾರ ಎಲ್ಲ ತೆರೆದಿರುತ್ತದೆ, ಭಾನುವಾರ ಕ್ರೈಸ್ತರ ಅಂಗಡಿಗಳಿಗೆ ರಜೆ. ಇನ್ನು ದೇವಾಲಯಗಳಲ್ಲಿ ಬಹುಪಾಲು 11:45 ಅಥವಾ 12ಕ್ಕೆ ಮುಚ್ಚಿ 2 ಅಥವಾ 2:30ಕ್ಕೆ ತೆರೆಯುತ್ತವೆ. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬುಧವಾರ ಇಳಿಯುವುದು ಒಳ್ಳೆಯದು. ವಿಮಾನ ನಿಲ್ದಾಣದಿಂದ ನೇರ ಗಲಿಲಾಯಕ್ಕೆ ಹೋಗಿ. ಜೆರುಸಲೇಮಿನ ಕಲ್ಲುದಾರಿ, ನೂಕುನುಗ್ಗಲಿಗೆ ಮೊದಲು ಸರೋವರದ ಬಳಿ ಮೈ ಹಗುರವಾಗಲಿ. ಯೇಸುವಿನ ಜೀವನವನ್ನು ಬೇತ್ಲೆಹೇಮಿನಿಂದ ಶುರುಮಾಡಿ ಕ್ರಮವಾಗಿ ನೋಡಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ಹಾಗೆ ಮಾಡಿದರೆ ಅದೇ ರಸ್ತೆಯಲ್ಲಿ ಎರಡು ಸಲ ಓಡಾಡುತ್ತೀರಿ, ಅಷ್ಟೆ.

ಗುರುವಾರ ಸರೋವರದ ಉತ್ತರ ದಡ. ಗಲಿಲಾಯ ಸಮುದ್ರವೆನ್ನುವುದು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲದ ಸಿಹಿನೀರಿನ ಸರೋವರ, ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಸುತ್ತ ಬೆಟ್ಟ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಗಾಳಿ ಕಣಿವೆಗಳ ಮೂಲಕ ನುಗ್ಗಿ ನೀರನ್ನು ಕದಡುತ್ತದೆ. ಹಾಗಾಗಿ ದೋಣಿ ಬೆಳಿಗ್ಗೆಯೇ ಆಗಿಬಿಡಲಿ. ಗಿನೋಸಾರಿನಿಂದ ಹೊರಡುವ ಮರದ ದೋಣಿಯಲ್ಲಿ ಮಾರ್ಕ 4ನೇ ಅಧ್ಯಾಯದ ಕೊನೆಯ ಭಾಗವನ್ನು ಮಗಳಿಂದ ಓದಿಸಿ. ಇಳಿದ ಮೇಲೆ ಅಲ್ಲೇ ಮ್ಯೂಸಿಯಮ್ಮಿನಲ್ಲಿ 1986ರ ಬರಗಾಲದಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಸಿಕ್ಕ ದೋಣಿ ಇದೆ. ಯೇಸುವಿನ ಕಾಲದ್ದು, ಎಂಟು ಮೀಟರಿಗೆ ತುಸು ಹೆಚ್ಚು ಉದ್ದ. ಗಾಳಿಗೆ ಒಡ್ಡಿದರೆ ಪುಡಿಯಾಗುತ್ತಿದ್ದ ಆ ಮರವನ್ನು ವರ್ಷಗಟ್ಟಲೆ ಮೇಣದ ದ್ರಾವಣದಲ್ಲಿ ಮುಳುಗಿಸಿ ಉಳಿಸಿದರು. ಹಲವು ಜಾತಿಯ ಮರದ ತುಂಡುಗಳಿಂದ ತೇಪೆ ಹಾಕಿದ್ದನ್ನು ಮಗನಿಗೆ ತೋರಿಸಿ. ಬೆಸ್ತರು ಎಷ್ಟು ಬಡವರಾಗಿದ್ದರು ಎಂಬುದನ್ನು ಬಾಯಲ್ಲಿ ಹೇಳುವುದೇ ಬೇಡ.

ಹತ್ತರ ಹೊತ್ತಿಗೆ ಅಷ್ಟಭಾಗ್ಯಗಳ ಗುಡ್ಡ, ಏಕೆಂದರೆ ಅದಕ್ಕೆ ಮಧ್ಯಾಹ್ನದ ಬೀಗವಿದೆ. ಆಮೇಲೆ ಕೆಳಗಿಳಿದರೆ ಐದು ರೊಟ್ಟಿ ಎರಡು ಮೀನಿನ ತಬ್ಘಾ, ಅಲ್ಲಿಂದ ಕೂಗಳತೆಯಲ್ಲಿ ಯೇಸು ಪೇತ್ರನಿಗೆ ‘ನನ್ನ ಕುರಿಗಳನ್ನು ಮೇಯಿಸು’ ಎಂದ ದಡ. ತಬ್ಘಾದ ನೆಲದ ಮೊಸಾಯಿಕ್‌ನಲ್ಲಿ ಬುಟ್ಟಿಯಲ್ಲಿ ಕಾಣುವುದು ನಾಲ್ಕೇ ರೊಟ್ಟಿ. ಐದನೆಯದು ಬಲಿಪೀಠದ ಮೇಲಿನದು ಎಂದು ವಿವರಿಸುತ್ತಾರೆ. ಮಕ್ಕಳಿಗೆ ಎಣಿಸಲು ಬಿಡಿ. ಕಪೆರ್ನೌಮನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಅದು ನಡುವೆ ಮುಚ್ಚುವುದಿಲ್ಲ. ಅಲ್ಲಿ ಗಡಿಬಿಡಿ ಬೇಡ. ಬಿಳಿ ಸುಣ್ಣಕಲ್ಲಿನ ಸಭಾಮಂದಿರ ಯೇಸುವಿನ ಕಾಲಕ್ಕಿಂತ ಈಚಿನದು. ಅದರ ಬುಡದಲ್ಲಿ ಕಪ್ಪು ಬಸಾಲ್ಟ್ ಕಲ್ಲಿನ ಸಾಲು ಕಾಣುತ್ತದಲ್ಲ, ಅದು ಹಳೆಯ ಕಟ್ಟಡದ್ದು. ಮೂಲೆಗೆ ಹೋಗಿ ಬಗ್ಗಿ ನೋಡಿದರೆ ಎರಡು ಬಣ್ಣದ ಕಲ್ಲು ಸೇರುವ ಗೆರೆ ಸ್ಪಷ್ಟ. ಅಲ್ಲಿಂದ ಪೇತ್ರನ ಮನೆಯೆಂದು ಗುರುತಿಸಿರುವ ಜಾಗಕ್ಕೆ ಒಂದೆರಡು ನಿಮಿಷದ ನಡಿಗೆಯೂ ಇಲ್ಲ. ಸಭಾಮಂದಿರದಿಂದ ಹೊರಟು ನೇರ ಸೀಮೋನನ ಮನೆಗೆ ಬಂದರು ಎಂದು ಮಾರ್ಕ 1:29 ಹೇಳುವ ದೂರ ಅದೇ. ಅವಶೇಷಗಳ ಮೇಲೆ ಕಂಬಗಳ ಆಧಾರದಲ್ಲಿ ನಿಂತ ಹೊಸ ದೇವಾಲಯದ ನೆಲದಲ್ಲಿ ಗಾಜು ಇದೆ, ಅದರ ಮೂಲಕ ಕೆಳಗಿನ ಮನೆ ಕಾಣುತ್ತದೆ. ಉಡುಪಿನ ವಿಷಯದಲ್ಲಿ ಇಲ್ಲಿನ ಬಾಗಿಲಲ್ಲಿ ಬಿಗಿ. ಮೊಣಕಾಲು, ಭುಜ ಕಾಣುವಂತಿದ್ದರೆ ಒಳಗೆ ಬಿಡುವುದಿಲ್ಲ.

ಶುಕ್ರವಾರ ಮೊದಲು ತಾಬೋರ್ ಬೆಟ್ಟ. ದೊಡ್ಡ ಬಸ್ಸು ಆ ತಿರುವುಗಳಲ್ಲಿ ಹತ್ತುವುದಿಲ್ಲ, ಬುಡದಲ್ಲಿ ಚಿಕ್ಕ ವ್ಯಾನಿಗೆ ಬದಲಾಯಿಸಬೇಕು. ನಿಮ್ಮದೇ ವ್ಯಾನಾದರೆ ಸಲೀಸು. ಇಳಿದು ಕಾನಾ ಊರಿಗೆ. ಅಲ್ಲಿ ದಂಪತಿಗಳು ವಿವಾಹದ ವಾಗ್ದಾನ ನವೀಕರಿಸಿಕೊಳ್ಳುವ ರೂಢಿ ಇದೆ. ಅತ್ತೆ ಮಾವನಿಗೆ ಇದನ್ನು ಮಾಡಿಸಿ, ಆದರೆ ಗುರುಗಳೊಬ್ಬರು ಬೇಕು ಮತ್ತು ಸಮಯ ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಮಧ್ಯಾಹ್ನ ನಜರೇತ್, ಮಂಗಳವಾರ್ತೆಯ ಮಹಾದೇವಾಲಯ 1969ರಲ್ಲಿ ಪ್ರತಿಷ್ಠೆಯಾದದ್ದು, ಕೆಳಮಹಡಿಯಲ್ಲಿ ಗವಿ, ಅಂಗಳದ ಗೋಡೆಯಲ್ಲಿ ಬೇರೆ ಬೇರೆ ದೇಶಗಳು ಕೊಟ್ಟ ಮರಿಯಮ್ಮನವರ ಚಿತ್ರಗಳು. ಶನಿವಾರವನ್ನು ಖಾಲಿ ಬಿಡಿ. ಮಕ್ಕಳಿಗೆ ಬೇಕಿದ್ದರೆ ಮೊದಲನೇ ಶತಮಾನದ ಬದುಕನ್ನು ಮರುಕಟ್ಟಿ ತೋರಿಸುವ ನಜರೇತ್ ವಿಲೇಜ್ ಇದೆ. ಭಾನುವಾರ ಅದಕ್ಕೆ ರಜೆ. ಅಥವಾ 2009ರಲ್ಲಿ ಸಿಕ್ಕ ಸಭಾಮಂದಿರವಿರುವ ಮಗ್ದಲ. ಯಹೂದಿ ಹೋಟೆಲಿನಲ್ಲಿ ತಂಗಿದ್ದರೆ ಆ ದಿನ ಬೆಳಿಗ್ಗೆ ಬಿಸಿ ಆಮ್ಲೆಟ್ ಸಿಗುವುದಿಲ್ಲ, ಸಬ್ಬತ್ ಲಿಫ್ಟು ಎಲ್ಲ ಮಹಡಿಯಲ್ಲೂ ತಾನಾಗಿ ನಿಲ್ಲುತ್ತ ಹೋಗುತ್ತದೆ. ಕೆಟ್ಟಿದೆ ಎಂದುಕೊಂಡು ಮೆಟ್ಟಿಲು ಹತ್ತಬೇಡಿ.

ಭಾನುವಾರ ಬೆಳಗಿನ ಆರಾಧನೆ ಮುಗಿಸಿ ಯೊರ್ದನ್ ಕಣಿವೆಯ 90ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ದೀಕ್ಷಾಸ್ನಾನದ ಪ್ರಶ್ನೆ ಬರುವುದು ಇಲ್ಲಿ. ಹೊಳೆಯಲ್ಲಿ ಇಳಿಯಲು ಈ ಬದಿಯಲ್ಲಿ ಎರಡು ಜಾಗ. ಒಂದು ಸರೋವರದ ದಕ್ಷಿಣ ತುದಿಯ ಯಾರ್ದೆನಿಟ್. ನೀರು ಹಸಿರು, ಹಿಡಿದುಕೊಳ್ಳಲು ಕಂಬಿ, ಬಟ್ಟೆ ಬದಲಿಸಲು ಕೋಣೆ, ಬಾಡಿಗೆಗೆ ಬಿಳಿ ನಿಲುವಂಗಿ, ಹೊರಬರುವಾಗ ದೊಡ್ಡ ಅಂಗಡಿ. ಇದು 1981ರಲ್ಲಿ ಒಂದು ಕಿಬ್ಬುತ್ಸ್ (ಯಹೂದಿ ಸಮುದಾಯ ಗ್ರಾಮ) ಮಾಡಿದ ಏರ್ಪಾಡು, ಯೇಸು ದೀಕ್ಷಾಸ್ನಾನ ಪಡೆದ ಜಾಗವಲ್ಲ. ಇನ್ನೊಂದು ಯೆರಿಕೋ ಹತ್ತಿರದ ಕಸ್ರ್ ಅಲ್-ಯಹೂದ್. ಸಂಪ್ರದಾಯ ಗುರುತಿಸುವ ಜಾಗ ಈ ಭಾಗದ್ದು. ಎದುರು ದಡವೇ ಜೋರ್ಡಾನಿನ ಅಲ್-ಮಗ್ತಸ್. ಪ್ರವೇಶ ಉಚಿತ. ಹೊಳೆ ಇಲ್ಲಿ ಕೆಲವೇ ಮೀಟರ್ ಅಗಲ, ನೀರು ಕೆಸರಿನ ಬಣ್ಣ, ಆಚೆ ದಡದ ಯಾತ್ರಿಕರ ಹಾಡು ಕೇಳಿಸುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಆದರೆ ಮೆಟ್ಟಿಲುಗಳ ಮೇಲೆ ಕೆಸರು ಜಾರುತ್ತದೆ, ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ದಾರಿಯ ಎರಡೂ ಕಡೆ 1967ರ ನಂತರ ಹುಗಿದ ನೆಲಬಾಂಬುಗಳ ಎಚ್ಚರಿಕೆ ಫಲಕಗಳಿವೆ. ತೆರವು ಕೆಲಸ ಬಹಳಷ್ಟು ನಡೆದಿದ್ದರೂ ಮಗ ರಸ್ತೆ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು. ಮಳೆ ಜೋರಾಗಿ ಹೊಳೆ ಉಕ್ಕಿದರೆ ಜಾಗವನ್ನೇ ಮುಚ್ಚುತ್ತಾರೆ. ಚಳಿಗಾಲದಲ್ಲಿ ಸಂಜೆ ಬೇಗ ಬಾಗಿಲು ಹಾಕುತ್ತಾರೆ, ಆದ್ದರಿಂದ ಊಟಕ್ಕೆ ಮೊದಲೇ ಇಲ್ಲಿ ತಲುಪುವಂತೆ ಹೊರಡಿ.

ಮಗಳ ಮಾತು: ಅವಳಿಗೆ ಈಗಾಗಲೇ ದೀಕ್ಷಾಸ್ನಾನ ಆಗಿರುವುದರಿಂದ ಎರಡನೇ ಸಲ ಮಾಡಿಸುವುದನ್ನು ನಿಮ್ಮ ಸಭೆಯೂ ಒಪ್ಪುವುದಿಲ್ಲ, ಅತ್ತೆಯ ಕಡೆಯ ಗುರುಗಳೂ ಒಪ್ಪುವುದಿಲ್ಲ. ಅಲ್ಲಿ ಸಿಗುವ ಅಪರಿಚಿತ ಪಾಸ್ಟರೊಬ್ಬರಿಂದ ಮುಳುಗಿಸಿಕೊಂಡು ಬಂದರೆ ಊರಿಗೆ ಮರಳಿದ ಮೇಲೆ ಬೇಡದ ತಕರಾರು. ಬದಲಿಗೆ ದೀಕ್ಷಾಸ್ನಾನದ ಪ್ರತಿಜ್ಞೆಗಳ ನವೀಕರಣ ಮಾಡಿ. ನಿಮ್ಮ ಪಾಸ್ಟರನ್ನು ಕೇಳಿ ಆ ಕ್ರಮವನ್ನು ಕನ್ನಡದಲ್ಲೇ ಬರೆಸಿಕೊಳ್ಳಿ, ಮತ್ತಾಯ 3:13ರಿಂದ ಓದಿ, ಎಲ್ಲರೂ ನೀರಿಗಿಳಿದು ಹಣೆಗೆ ನೀರು ಹಚ್ಚಿಕೊಳ್ಳಿ. ಅವಳು ಮುಳುಗುವುದಾದರೂ ತೊಂದರೆಯಿಲ್ಲ, ಅದನ್ನು ಏನೆಂದು ಕರೆಯುತ್ತೀರಿ ಎಂಬುದು ಅವಳಿಗೆ ಮೊದಲೇ ತಿಳಿದಿರಲಿ. ಬಿಳಿ ಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ, ಒಳಗೆ ಗಾಢ ಬಣ್ಣದ ಈಜುಡುಗೆ ಇರಬೇಕು. ಆ ನೀರನ್ನು ಕುಡಿಯಬಾರದು, ಗಾಯವಿದ್ದರೆ ಮುಚ್ಚಿಕೊಳ್ಳಿ. ಸೀಸೆಯಲ್ಲಿ ತುಂಬಿ ತರುವ ನೀರು ವಿಮಾನದ ಕೈಚೀಲದಲ್ಲಿ ಬರುವುದಿಲ್ಲ, ಸೂಟ್‌ಕೇಸಿನಲ್ಲಿಡಿ.

ಹತ್ತಿರದ ಯೆರಿಕೋದಲ್ಲಿ ಊಟ ಮಾಡಿ, ಜಕ್ಕಾಯನ ನೆನಪಿನ ಅತ್ತಿಮರ ನೋಡಿ ಜೆರುಸಲೇಮಿಗೆ ಹತ್ತಿ. ಮೃತ ಸಮುದ್ರದಲ್ಲಿ ತೇಲಲೇಬೇಕೆಂದರೆ ಹತ್ತು ಹದಿನೈದು ನಿಮಿಷ ಸಾಕು. ಅದರ ನೀರಿನ ಮೂರನೇ ಒಂದು ಭಾಗ ಲವಣ. ಬೆನ್ನ ಮೇಲೆ ಮಲಗಿದಂತೆಯೇ ಇರಬೇಕು. ಮುಖ ಅಡಿಯಾಗಿ ಮಗುಚಿದರೆ ಕಾಲು ಮೇಲೆದ್ದು ಮತ್ತೆ ತಿರುಗುವುದು ಕಷ್ಟ, ಅಲ್ಲಿ ಮುಳುಗುವವರು ಮುಳುಗುವುದೇ ಹಾಗೆ. ಹಿಂದಿನ ದಿನ ಶೇವ್ ಮಾಡಬಾರದು. ಆರು ವರ್ಷದ ಮಗನನ್ನು ದಡದಲ್ಲೇ ಕೂರಿಸಿ, ಕಣ್ಣಿಗೆ ಒಂದು ಹನಿ ಬಿದ್ದರೆ ಆ ದಿನದ ಸಂಭ್ರಮವೆಲ್ಲ ಮುಗಿಯಿತು.

ಸೋಮವಾರ ಎಣ್ಣೆಮರಗಳ ಗುಡ್ಡ. ಇದನ್ನು ಕೆಳಗಿನಿಂದ ಹತ್ತಬಾರದು. ಟ್ಯಾಕ್ಸಿಯಲ್ಲಿ ಬೆಳಿಗ್ಗೆ 8ಕ್ಕೆ ತುದಿಗೆ ಹೋಗಿ ಪರಲೋಕ ಪ್ರಾರ್ಥನೆಯ ದೇವಾಲಯ ನೋಡಿ. ನೂರಕ್ಕೂ ಹೆಚ್ಚು ಭಾಷೆಗಳ ಫಲಕಗಳಲ್ಲಿ ನಮ್ಮ ಲಿಪಿಯನ್ನು ಮಕ್ಕಳೇ ಹುಡುಕಲಿ. ಅಲ್ಲಿಂದ ಇಳಿಯುವ ದಾರಿಯೇ ಗರಿಗಳ ಭಾನುವಾರದ ಮೆರವಣಿಗೆಯ ದಾರಿ, ಬಹಳ ಇಳಿಜಾರು, ಕಲ್ಲು ಸವೆದು ನುಣುಪಾಗಿದೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಂಥ ಇಳಿತವೇ ಹೆಚ್ಚು ಕಷ್ಟ. ಅತ್ತೆ ಮಾವ ಅದೇ ಟ್ಯಾಕ್ಸಿಯಲ್ಲಿ ಗೆತ್ಸೇಮನೆಗೆ ಇಳಿಯಲಿ. ನೀವು ಮಕ್ಕಳೊಂದಿಗೆ ನಡೆದು, ಕಣ್ಣೀರಿನ ಹನಿಯ ಆಕಾರದ ಡೊಮಿನುಸ್ ಫ್ಲೆವಿತ್ ದೇವಾಲಯದ ಕಿಟಕಿಯ ಮುಂದೆ ಲೂಕ 19:41 ಓದಿ, 11ರೊಳಗೆ ಅವರನ್ನು ಸೇರಿ. ಗೆತ್ಸೇಮನೆಯ ಮರಗಳ ಕಾಂಡಗಳನ್ನು ರೇಡಿಯೊ ಕಾರ್ಬನ್ ಪರೀಕ್ಷೆಗೆ ಒಳಪಡಿಸಿದ್ದಾರೆ. ಪರೀಕ್ಷಿಸಲು ಸಾಧ್ಯವಾದವು ಸುಮಾರು 900 ವರ್ಷ ಹಳೆಯವು. ಎರಡು ಸಾವಿರ ವರ್ಷದ ಮರ ಎಂದು ಹೇಳುವ ಗೈಡಿನ ಜೊತೆ ವಾದ ಬೇಡ, ಎಲೆ ಕೀಳುವುದೂ ಬೇಡ.

ಪವಿತ್ರ ಸಮಾಧಿ ದೇವಾಲಯಕ್ಕೆ ಒಂದು ಮುಂಜಾವನ್ನೇ ಮೀಸಲಿಡಿ. ಬೆಳಕು ಹರಿಯುವ ಮುನ್ನವೇ ಬಾಗಿಲು ತೆರೆಯುತ್ತದೆ. ಆರರೊಳಗೆ ಒಳಗಿದ್ದರೆ ಸಮಾಧಿ ಮಂಟಪದ ಸಾಲು ಚಿಕ್ಕದು, ಹತ್ತರ ಮೇಲೆ ಹೋದರೆ ಒಂದೆರಡು ಗಂಟೆ ನಿಲ್ಲಬೇಕಾಗಬಹುದು. ಒಳ ಹೊಕ್ಕ ಕೂಡಲೇ ಬಲಕ್ಕೆ ಕಡಿದಾದ ಮೆಟ್ಟಿಲು, ಅದು ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾಕ್ಕೆ. ಮೇಲಿನ ಬಲಿಪೀಠದ ಕೆಳಗೆ ಮಂಡಿಯೂರಿ, ಬೆಳ್ಳಿಯ ಬಿಲ್ಲೆಯ ನಡುವಿನ ತೂತಿನಲ್ಲಿ ಕೈ ಹಾಕಿದರೆ ಬಂಡೆ ಸಿಗುತ್ತದೆ. ಅತ್ತೆಗೆ ಆ ಮೆಟ್ಟಿಲು ಆಗದಿದ್ದರೆ ಚಿಂತೆಯಿಲ್ಲ: ಅದರ ನೇರ ಕೆಳಗೆ, ನೆಲಮಟ್ಟದಲ್ಲೇ ಆದಾಮನ ಗುಡಿ ಇದೆ. ಅಲ್ಲಿ ಗಾಜಿನ ಹಿಂದೆ ಅದೇ ಬಂಡೆ, ಅದರಲ್ಲಿನ ಬಿರುಕು ಸಹಿತ ಕಾಣುತ್ತದೆ. ಬಹಳ ಗುಂಪುಗಳು ಅದನ್ನು ನೋಡದೆ ಮುಂದೆ ಹೋಗುತ್ತವೆ. ಸಮಾಧಿ ಮಂಟಪದ ಒಳಕೋಣೆಯ ಬಾಗಿಲು ತಗ್ಗು, ಒಳಗೆ ಒಮ್ಮೆಗೆ ಮೂರು ನಾಲ್ಕು ಜನ, ಅರ್ಧ ನಿಮಿಷ. ಅಷ್ಟರಲ್ಲಿ ಫೋಟೋ ತೆಗೆಯುವುದೋ ಪ್ರಾರ್ಥಿಸುವುದೋ ಎಂದು ಸಾಲಿನಲ್ಲಿರುವಾಗಲೇ ತೀರ್ಮಾನಿಸಿಕೊಳ್ಳಿ. ಆರು ಪಂಥಗಳು ಈ ಒಂದೇ ಕಟ್ಟಡವನ್ನು 1852ರ ಒಟ್ಟೋಮನ್ ಆಜ್ಞೆಯ ಪ್ರಕಾರ ಹಂಚಿಕೊಂಡಿವೆ, ಬೀಗದ ಕೈ ಮುಸ್ಲಿಂ ಮನೆತನದ ಬಳಿ. ಧೂಪ, ಗಂಟೆ, ಒಂದರ ಮೇಲೊಂದು ಹಾಡು, ಮಧ್ಯೆ ‘ಸರಿಯಿರಿ’ ಎಂದು ಕೂಗುವ ಸನ್ಯಾಸಿ. ಶಾಂತವಾದ ಪ್ರಾರ್ಥನೆಗೆ ಒಗ್ಗಿದ ಪ್ರೊಟೆಸ್ಟಂಟರಿಗೆ ಇದು ಇರುಸುಮುರುಸಾಗುವುದು ಸಹಜ, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ನಿಮಗೆ ಬೇಕಾದ ನಿಶ್ಶಬ್ದ ದಮಸ್ಕದ ಬಾಗಿಲಿನ ಹೊರಗಿನ ತೋಟದ ಸಮಾಧಿಯಲ್ಲಿ ಸಿಗುತ್ತದೆ. ಯೇಸುವಿನ ಸಮಾಧಿ ಇದೇ ಎಂಬ ವಾದ ಚರಿತ್ರೆಯ ದೃಷ್ಟಿಯಿಂದ ದುರ್ಬಲ. ಆ ಸಮಾಧಿ ಯೇಸುವಿಗಿಂತ ಎಷ್ಟೋ ಶತಮಾನ ಹಳೆಯದೆಂದೇ ಪುರಾತತ್ವಜ್ಞರ ಅಭಿಪ್ರಾಯ. ಆದರೂ ಬಂಡೆಯಲ್ಲಿ ಕೊರೆದ ಸಮಾಧಿ, ತೋಟ, ಕರ್ತರ ಭೋಜನಕ್ಕೆ ಮೊದಲೇ ಕಾದಿರಿಸಬಹುದಾದ ಮೂಲೆಗಳು ಎಲ್ಲವೂ ಅಲ್ಲಿವೆ, ಪ್ರವೇಶ ಉಚಿತ. ಭಾನುವಾರ ಸಂದರ್ಶಕರಿಗೆ ತೆರೆದಿರುವುದಿಲ್ಲ. ಗುರುವಾರ ಅಲ್ಲಿಗೆ ಹೋಗಿ. ಅತ್ತೆಗಾಗಿ ಕ್ಯಾಥೊಲಿಕ್ ಪೂಜೆ ಬೇಕಿದ್ದರೆ, ನಿಮ್ಮೊಂದಿಗೆ ಗುರುಗಳು ಬರುತ್ತಿದ್ದರೆ ಮಾತ್ರ ಕ್ಯಾಥೊಲಿಕ್ ಸನ್ಯಾಸಿಗಳಾದ ಫ್ರಾನ್ಸಿಸ್ಕನ್ನರ ಯಾತ್ರಿಕರ ಕಚೇರಿಯಲ್ಲಿ ತಿಂಗಳುಗಳ ಮೊದಲೇ ಸಮಯ ಪಡೆಯಬೇಕು; ಇಲ್ಲದಿದ್ದರೆ ದಿನನಿತ್ಯದ ಪೂಜೆಗೆ ಕುಳಿತರಾಯಿತು.

ಮಂಗಳವಾರ ಬೇತ್ಲೆಹೇಮ್. ಜೆರುಸಲೇಮಿನಿಂದ ಹತ್ತು ಕಿಲೋಮೀಟರಿಗೂ ಕಡಿಮೆ, ಆದರೆ ಪ್ಯಾಲೆಸ್ಟೀನ್ ಆಡಳಿತದ ಪ್ರದೇಶ. ಇಸ್ರೇಲಿನಲ್ಲಿ ಬಾಡಿಗೆಗೆ ಪಡೆದ ಕಾರಿನ ವಿಮೆ ಸಾಮಾನ್ಯವಾಗಿ ಅಲ್ಲಿಗೆ ಅನ್ವಯಿಸುವುದಿಲ್ಲ. ಆರು ಜನಕ್ಕೆ ಪೂರ್ವ ಜೆರುಸಲೇಮಿನ ಅರಬ್ ಚಾಲಕರೊಬ್ಬರ ವ್ಯಾನು ಸರಿಯಾಗುತ್ತದೆ, ಎರಡೂ ಕಡೆ ಓಡಿಸುತ್ತಾರೆ. ಹಿಂತಿರುಗುವಾಗ ತಪಾಸಣಾ ಠಾಣೆಯಲ್ಲಿ ಎಲ್ಲರ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ, ಹೋಟೆಲ್ ಲಾಕರಿನಲ್ಲಿ ಬಿಟ್ಟು ಬರಬೇಡಿ. ಜನನ ದೇವಾಲಯದ ಹೆಬ್ಬಾಗಿಲು ಸುಮಾರು 1.2 ಮೀಟರ್ ಎತ್ತರ. ಮಗನೊಬ್ಬ ಮಾತ್ರ ಬಗ್ಗದೆ ಹೋಗುತ್ತಾನೆ. ಅತ್ತೆಯವರ ಕೈ ಹಿಡಿದು, ತಲೆಗೆ ಕಲ್ಲು ತಾಗದಂತೆ ಇನ್ನೊಂದು ಕೈ ಅಡ್ಡ ಹಿಡಿಯಿರಿ. ಗವಿಗೆ ಇಳಿಯುವ ಅರ್ಧಚಂದ್ರಾಕಾರದ ಮೆಟ್ಟಿಲುಗಳು ಸವೆದು ಹೊಳೆಯುತ್ತವೆ, ಹಿಂದಿನಿಂದ ಜನ ಒತ್ತುತ್ತಿರುತ್ತಾರೆ. ಅತ್ತೆಯ ಮುಂದೆ ಒಬ್ಬರು, ಹಿಂದೆ ಒಬ್ಬರು ಇರಿ. ಕೆಳಗೆ ಅಮೃತಶಿಲೆಯ ನೆಲದಲ್ಲಿ ಹದಿನಾಲ್ಕು ಮೊನೆಯ ಬೆಳ್ಳಿ ನಕ್ಷತ್ರ. ಬೆಳಿಗ್ಗೆ ಎಂಟರೊಳಗೆ ತಲುಪಿದರೆ ಸಾಲು ಸಹನೀಯ. ಭಾನುವಾರ ಬೆಳಿಗ್ಗೆ ಆರಾಧನೆಗಳಿಂದಾಗಿ ಗವಿ ಸಿಗುವುದು ಕಷ್ಟ, ಆದ್ದರಿಂದಲೇ ಮಂಗಳವಾರ ಎಂದೆ. ಅಲ್ಲಿಂದ ಬೇತ್ ಸಾಹೂರಿನ ಕುರುಬರ ಹೊಲ. ಮಸಿ ಹಿಡಿದ ಗವಿಯೊಳಗೆ ಕುಳಿತು ಹಾಡಲು ಎಲ್ಲರಿಗೂ ಜಾಗವಿದೆ.

ಬುಧವಾರ ಹಳೇ ನಗರ, ಸಿಂಹದ ಬಾಗಿಲಿನಿಂದ. ಮೊದಲು ಬೇಥೆಸ್ದ ಕೊಳ. ಯೋಹಾನ 5ರ ಈ ಕೊಳ ಮತ್ತು ಪಕ್ಕದ ಸಂತ ಅನ್ನಮ್ಮನವರ ದೇವಾಲಯವನ್ನು ಅವಸರದಲ್ಲಿ ದಾಟಬೇಡಿ. ಹನ್ನೆರಡನೇ ಶತಮಾನದ ಆ ಕಲ್ಲಿನ ಕಟ್ಟಡದಲ್ಲಿ ದನಿಯ ಮಾರ್ದನಿ ಎಷ್ಟೋ ಸೆಕೆಂಡು ಉಳಿಯುತ್ತದೆ. ನಿಧಾನದ ಕೀರ್ತನೆಯೊಂದನ್ನು ಹಾಡಿದರೆ ಆರು ದನಿ ಇಡೀ ಗಾನವೃಂದದಂತೆ ಕೇಳುತ್ತದೆ. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳು ಅಲ್ಲಿಂದ ಸಂತೆಬೀದಿಯ ನಡುವೆ ಸಾಗುತ್ತವೆ. ಮಗುವಿನ ಗಾಡಿ, ಗಾಲಿಕುರ್ಚಿ ಎರಡಕ್ಕೂ ಮೆಟ್ಟಿಲುಗಳ ಕಾಟ. ಅತ್ತೆಗೆ ಮಡಚುವ ಕೋಲು ಕುರ್ಚಿಯೊಂದನ್ನು ತೆಗೆದುಕೊಂಡು ಹೋಗಿ. ಎಲ್ಲ ಸ್ಥಳವನ್ನೂ ಅವರು ನಡೆಯಲೇಬೇಕೆಂದಿಲ್ಲ. ಯಾಫಾ ಬಾಗಿಲಿನ ಕಡೆಯಿಂದ ನೇರವಾಗಿ ಬಂದು ಕೊನೆಯಲ್ಲಿ ಸೇರಿಕೊಳ್ಳಲಿ. ಶುಕ್ರವಾರ ಮಧ್ಯಾಹ್ನ 3ಕ್ಕೆ, ಬೇಸಿಗೆಯಲ್ಲಿ 4ಕ್ಕೆ, ಫ್ರಾನ್ಸಿಸ್ಕನ್ನರ ಶಿಲುಬೆ ಹಾದಿಯ ಮೆರವಣಿಗೆ ಹೊರಡುತ್ತದೆ. ಯಾತ್ರೆಯ ಕೊನೆಯ ದಿನಕ್ಕೆ ಅದು ಹೊಂದುತ್ತದೆ.

ಗುರುವಾರ ಮಕ್ಕಳ ಸರದಿ: ಯೆಹೂದದ ಅರಸ ಹಿಜ್ಕೀಯನ ಸುರಂಗ. ಕ್ರಿ.ಪೂ. ಎಂಟನೇ ಶತಮಾನದ ಕೊನೆಯಲ್ಲಿ ಎರಡೂ ತುದಿಯಿಂದ ಬಂಡೆ ಕೊರೆದು ನಡುವೆ ಕೂಡಿಸಿದ 533 ಮೀಟರ್ ದಾರಿ. ಕತ್ತಲೆ, ಕಿರಿದು, ಶುರುವಿನಲ್ಲಿ ನೀರು 70 ಸೆಂಟಿಮೀಟರ್ ಬರುತ್ತದೆ: ದೊಡ್ಡವರಿಗೆ ತೊಡೆ, ನಿಮ್ಮ ಮಗನಿಗೆ ಹೆಚ್ಚುಕಡಿಮೆ ಸೊಂಟ. ತಲೆಗೆ ಕಟ್ಟುವ ಟಾರ್ಚ್, ನೀರಿನ ಚಪ್ಪಲಿ, ಬದಲಿ ಚಡ್ಡಿ ಬೇಕು. ಒಳಗೆ ಹೊಕ್ಕ ಮೇಲೆ ಹಿಂತಿರುಗುವಂತಿಲ್ಲ, ಹಿಂದೆ ಜನ ಬರುತ್ತಿರುತ್ತಾರೆ. ಇಕ್ಕಟ್ಟಿಗೆ ಹೆದರುವವರು ಪಕ್ಕದ ಒಣ ಸುರಂಗದಲ್ಲಿ ಹೋಗಲಿ. ಹೊರಬರುವುದು ಸಿಲೋವ ಕೊಳದ ಕಡೆ, ಅಲ್ಲಿ ಯೋಹಾನ 9 ಓದಿ.

ತಂಗಲು ಜೆರುಸಲೇಮಿನಲ್ಲಿ ಸಭೆಗಳು ನಡೆಸುವ ಯಾತ್ರಿಕರ ಮನೆಗಳನ್ನೇ ಮೊದಲು ವಿಚಾರಿಸಿ: ಫ್ರಾನ್ಸಿಸ್ಕನ್ನರ ಕಾಸಾ ನೋವಾ, ನೊಟ್ರೆ ಡೇಮ್, ಆಂಗ್ಲಿಕನ್ನರ ಕ್ರೈಸ್ಟ್ ಚರ್ಚ್. ಲಿಫ್ಟ್ ಇದೆಯೇ, ವಾಹನ ಬಾಗಿಲವರೆಗೆ ಬರುತ್ತದೆಯೇ ಎಂದು ಕೇಳಿ. ಹಳೇ ನಗರದೊಳಗಿನವಕ್ಕೆ ಸೂಟ್‌ಕೇಸನ್ನು ಕಲ್ಲುಹಾದಿಯಲ್ಲಿ ಎಳೆಯಬೇಕಾಗಬಹುದು. ಇಸ್ರೇಲ್ ಪ್ರವೇಶದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತದೆ ಚಿಕ್ಕದೊಂದು ಚೀಟಿ ಕೊಡುತ್ತಾರೆ. ಅದನ್ನು ತೋರಿಸಿ ವಿದೇಶಿ ಕಾರ್ಡಿನಲ್ಲಿ ಅಥವಾ ಡಾಲರಿನಲ್ಲಿ ಪಾವತಿಸಿದರೆ ಹೋಟೆಲ್ ಬಿಲ್ಲಿಗೆ 18% ಮೌಲ್ಯವರ್ಧಿತ ತೆರಿಗೆ ಬೀಳುವುದಿಲ್ಲ. ಆರು ಜನಕ್ಕೆ ಒಂಬತ್ತು ರಾತ್ರಿ ಎಂದರೆ ಸಣ್ಣ ಮೊತ್ತವಲ್ಲ, ಚೀಟಿಯನ್ನು ಬಿಸಾಡಬೇಡಿ. ಹೆಂಗಸರ ಚೀಲದಲ್ಲಿ ಯಾವಾಗಲೂ ಒಂದು ಶಾಲು ಇರಲಿ. ಪಶ್ಚಿಮ ಗೋಡೆಯ ಬಳಿ ಗಂಡಸರು ತಲೆ ಮುಚ್ಚಬೇಕು, ಸಬ್ಬತ್ತಿನಲ್ಲಿ ಅಲ್ಲಿ ಫೋಟೋ ತೆಗೆಯಬಾರದು. ಈಗ ಅಲ್-ಅಕ್ಸಾ ಮಸೀದಿ ಇರುವ ದೇವಾಲಯದ ಬೆಟ್ಟಕ್ಕೆ ಮುಸ್ಲಿಮೇತರರಿಗೆ ಭಾನುವಾರದಿಂದ ಗುರುವಾರದವರೆಗೆ ಕೆಲವು ಗಂಟೆ ಮಾತ್ರ ಪ್ರವೇಶ, ಬೈಬಲ್ ಒಯ್ಯುವಂತಿಲ್ಲ.

ಕೊನೆಯದಾಗಿ ಹಣ ಕಟ್ಟುವ ಮುನ್ನದ ಮಾತು. 2023ರ ಅಕ್ಟೋಬರ್ ನಂತರ ಅಲ್ಲಿನ ಪರಿಸ್ಥಿತಿ ಹಲವು ಸಲ ಹಠಾತ್ತಾಗಿ ಬದಲಾಗಿದೆ; ವಿಮಾನಗಳು ರದ್ದಾಗಿವೆ, ಗಡಿಗಳೂ ದೇವಾಲಯಗಳೂ ಮುಚ್ಚಿದ್ದುಂಟು. ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಬುಕ್ ಮಾಡುವಾಗ ಒಮ್ಮೆ, ಹೊರಡುವ ವಾರ ಮತ್ತೊಮ್ಮೆ ನೋಡಿ. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಯುದ್ಧದಿಂದಾದ ನಷ್ಟವನ್ನು ಹೊರಗಿಟ್ಟಿರುತ್ತಾರೆ, ಆ ಷರತ್ತನ್ನು ಓದಿಯೇ ಸಹಿ ಮಾಡಿ. ಅತ್ತೆ ಮಾವನ ಈಗಿರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ. ಟ್ರಾವೆಲ್ಸ್‌ನವರಿಂದ ಮೂರು ಸಂಗತಿ ಬರಹದಲ್ಲಿ ಪಡೆಯಿರಿ: ಯುದ್ಧ ಅಥವಾ ಸರ್ಕಾರದ ಎಚ್ಚರಿಕೆಯಿಂದ ಯಾತ್ರೆ ನಿಂತರೆ ಎಷ್ಟು ಹಣ ವಾಪಸು, ಎಷ್ಟು ದಿನದಲ್ಲಿ; ಗುಂಪಿನಲ್ಲಿ ಒಟ್ಟು ಎಷ್ಟು ಜನ; ಗೈಡಿಗೆ ಇಸ್ರೇಲಿನ ಪರವಾನಗಿ ಇದೆಯೇ, ಬೇತ್ಲೆಹೇಮಿನಲ್ಲಿ ಯಾರು ಜೊತೆಗಿರುತ್ತಾರೆ. ಉತ್ತರ ಬಾಯಿಮಾತಿನಲ್ಲಷ್ಟೇ ಬಂದರೆ ಮುಂಗಡ ಕೊಡಬೇಡಿ.